ನಾಲ್ಕು ಚಕ್ರವೂ ಎಳೆಯುತ್ತೆ, ಸರಿ. ನಿಲ್ಲಿಸೋದು ಯಾರು?

ಗೌರಿ ಹಬ್ಬದ ಹಿಂದಿನ ದಿನ. ಮೂಡಿಗೆರೆ ಕಡೆಯ ಒಂದು ಊರಿನ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನಾವು ಮೂವರು ಕಾಫಿ ಕುಡಿಯುತ್ತಾ ಕೂತಿದ್ದೆವು. ಹೊರಗೆ ಜಡಿಮಳೆ. ಪಕ್ಕದ ಬೆಂಚಿನಲ್ಲಿ ಜೋರು ಜಗಳ ನಡೆದಿತ್ತು. ಪಂಚಾಯ್ತಿ ರಾಜಕೀಯ ಇರಬಹುದು, ಇಲ್ಲ ಕಾಳುಮೆಣಸಿನ ರೇಟು ಇರಬಹುದು ಅಂದುಕೊಂಡೆವು. ಕಿವಿಗೊಟ್ಟರೆ ವಿಷಯ ಬೇರೆಯೇ. ಸುಬಾರು ಕಾರು ದೊಡ್ಡದೋ, ಮಿತ್ಸುಬಿಷಿ ಇವೊ ದೊಡ್ಡದೋ!

ಅಲ್ಲಿ ಕೂತ ಐದು ಜನರಲ್ಲಿ ಯಾರೂ ಆ ಎರಡು ಕಾರುಗಳನ್ನು ಕಣ್ಣಾರೆ ಕಂಡವರಲ್ಲ. ಎಲ್ಲ ಫೋನಿನ ವಿಡಿಯೊ ಪಾಂಡಿತ್ಯ. ಆದರೂ ಒಬ್ಬ ಹುಡುಗ ಬಾಕ್ಸರ್ ಇಂಜಿನ್ನಿನ ಪಿಸ್ಟನ್ ಹೇಗೆ ಅಡ್ಡ ಮಲಗಿರುತ್ತೆ ಎಂದು ಬಿಸ್ಕತ್ತು ಜೋಡಿಸಿ ತೋರಿಸುತ್ತಿದ್ದ. ಬೆಂಗಳೂರಿನಿಂದ ಹೊಸ ಆಲ್ ವೀಲ್ ಡ್ರೈವ್ ಕಾರಿನಲ್ಲಿ ಹಬ್ಬಕ್ಕೆ ಬಂದಿದ್ದ ಇನ್ನೊಬ್ಬ, ‘ನನ್ನ ಗಾಡಿಗೆ ಮಳೆ ಗಿಳೆ ಏನೂ ಲೆಕ್ಕಕ್ಕಿಲ್ಲ, ನಾಲ್ಕೂ ಚಕ್ರ ಎಳೆಯುತ್ತೆ’ ಅಂದ. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಬಾಡಿಗೆ ಜೀಪಿನ ಅಣ್ಣ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಆಗ ಕೇಳಿದರು: ‘ಎಳೆಯುತ್ತೆ ತಮ್ಮ, ಸರಿ. ನಿಲ್ಲಿಸೋದು ಯಾರು?’

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಾವು ಮಾತ್ರ ನಗಲಿಲ್ಲ, ಅದಕ್ಕೆ ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇವೆ.

ಮೊದಲೇ ಒಂದು ಮಾತು. ಕಾರಿನ ಹುಚ್ಚನ್ನು ಹಳಿಯಲು ನಾವು ಇದನ್ನು ಬರೆಯುತ್ತಿಲ್ಲ. ನಮ್ಮ ಗುಂಪಿನಲ್ಲೇ ಇಬ್ಬರಿಗೆ ಆ ಹುಚ್ಚಿದೆ. ಎಂಟನೇ ಕ್ಲಾಸು ದಾಟದ ಹುಡುಗನೂ ಟಾರ್ಕ್ ಎಂದರೇನು, ಡಿಫರೆನ್ಷಿಯಲ್ ಏಕೆ ಬೇಕು ಎಂದು ತಾನೇ ಹುಡುಕಿ ಕಲಿಯುವುದು ಸಣ್ಣ ವಿಷಯವಲ್ಲ. ನಮ್ಮ ತಕರಾರು ಇಷ್ಟೇ: ಈ ಚರ್ಚೆ ಯಾವಾಗಲೂ ಅರ್ಧಕ್ಕೆ ನಿಲ್ಲುತ್ತದೆ. ಎಷ್ಟು ಬಿಎಚ್‌ಪಿ, ಎಷ್ಟು ಪಿಕಪ್, ಎಷ್ಟು ಚಕ್ರಕ್ಕೆ ಎಳೆತ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಟೈರು, ಬ್ರೇಕು, ಮಳೆ, ಇಳಿಜಾರು, ಇವುಗಳ ಸುದ್ದಿಯೇ ಬರುವುದಿಲ್ಲ. ಮಲೆನಾಡಿನಲ್ಲಿ ಗಾಡಿ ಓಡಿಸುವವರಿಗೆ ಬೇಕಾದದ್ದು ಆ ಉಳಿದ ಅರ್ಧ.

ಈ ಜಗಳಕ್ಕೆ ಒಂದು ಒಳ್ಳೆಯ ಚರಿತ್ರೆ ಇದೆ. ಕಟ್ಟೆಯ ಹುಡುಗರು ಅದನ್ನು ಪೂರ್ತಿ ಓದಿದರೆ ಅವರೇ ನಮ್ಮ ಪಕ್ಷಕ್ಕೆ ಬರುತ್ತಾರೆ ಎಂದು ನಮ್ಮ ನಂಬಿಕೆ.

1977ರ ಚಳಿಗಾಲ. ಜರ್ಮನಿಯ ಆಡಿ ಕಂಪನಿಯ ಇಂಜಿನಿಯರುಗಳು ತಮ್ಮ ಕಾರುಗಳನ್ನು ಹಿಮದಲ್ಲಿ ಪರೀಕ್ಷಿಸಲು ಫಿನ್ಲೆಂಡಿಗೆ ಹೋಗಿದ್ದರು. ಜೊತೆಗೆ ಫೋಕ್ಸ್‌ವ್ಯಾಗನ್ ಕಂಪನಿ ಸೈನ್ಯಕ್ಕೆಂದು ತಯಾರಿಸುತ್ತಿದ್ದ ಇಲ್ಟಿಸ್ ಎಂಬ ಜೀಪಿನಂಥ ಗಾಡಿಯೂ ಇತ್ತು. ಅದರ ಇಂಜಿನ್ ಬರೀ 75 ಅಶ್ವಶಕ್ತಿಯದು. ನೋಡಲು ಡಬ್ಬ. ಆದರೆ ಹಿಮದ ಮೇಲೆ ಅದು ತನಗಿಂತ ಎಷ್ಟೋ ಬಲದ ಆಡಿ ಕಾರುಗಳನ್ನು ಹಿಂದೆ ಹಾಕಿತು. ಕಾರಣ ಸುಲಭ. ಇಲ್ಟಿಸ್‌ನ ನಾಲ್ಕೂ ಚಕ್ರಗಳಿಗೆ ಎಳೆತವಿತ್ತು, ಆಡಿಗಳಿಗೆ ಮುಂದಿನ ಎರಡಕ್ಕೆ ಮಾತ್ರ. ಯೋರ್ಗ್ ಬೆನ್ಸಿಂಗರ್ ಎಂಬ ಇಂಜಿನಿಯರ್ ಇದನ್ನು ನೋಡಿ, ಇದೇ ವ್ಯವಸ್ಥೆಯನ್ನು ವೇಗದ ಕಾರಿಗೆ ಹಾಕಿದರೆ ಹೇಗೆ ಎಂದು ಯೋಚಿಸಿದರು. ಅಲ್ಲಿಂದ ಹುಟ್ಟಿದ್ದು 1980ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಹೊರಬಂದ ಆಡಿ ಕ್ವಾಟ್ರೊ. ಐದು ಸಿಲಿಂಡರಿನ ಟರ್ಬೊ ಇಂಜಿನ್, 200 ಅಶ್ವಶಕ್ತಿ, ಸದಾಕಾಲ ನಾಲ್ಕು ಚಕ್ರಕ್ಕೂ ಎಳೆತ.

ಮೊದಲ ಮಾದರಿಯಲ್ಲಿ ಒಂದು ತಮಾಷೆ ಆಯಿತೆಂದು ಹೇಳುತ್ತಾರೆ. ಕಂಪನಿಯ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ಆ ಕಾರನ್ನು ಪೇಟೆಗೆ ಒಯ್ದು, ತಿರುವಿನಲ್ಲಿ ಇದು ಕುಪ್ಪಳಿಸುತ್ತೆ ಎಂದು ದೂರು ಹೇಳಿದರಂತೆ. ನಮ್ಮ ಜೀಪಿನವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಫೋರ್ ವೀಲ್ ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಪೂರ್ತಿ ಸ್ಟೀರಿಂಗ್ ತಿರುಗಿಸಿದರೆ ಜೀಪು ಕೂಡ ಹಾಗೇ ಮುಗ್ಗರಿಸುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಎರಡನ್ನೂ ಗಟ್ಟಿಯಾಗಿ ಬಿಗಿದಿಟ್ಟರೆ ಯಾವುದಾದರೂ ಒಂದು ಜಾರಲೇಬೇಕು. ಕೆಸರಿನಲ್ಲಿ ಸಲೀಸಾಗಿ ಜಾರುತ್ತದೆ, ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಅದಕ್ಕೇ ಆ ಕುಪ್ಪಳಿಕೆ. ಆಡಿಯವರು ನಡುವೆ ಇನ್ನೊಂದು ಡಿಫರೆನ್ಷಿಯಲ್ ಹಾಕಿ ಅದನ್ನು ಸರಿಮಾಡಿದರು.

ಕಟ್ಟೆಯಲ್ಲಿ ‘ಫೋರ್ ವೀಲ್ ಡ್ರೈವ್’, ‘ಆಲ್ ವೀಲ್ ಡ್ರೈವ್’ ಎರಡೂ ಒಂದೇ ಎಂಬಂತೆ ಮಾತಾಡುತ್ತಾರಲ್ಲ, ವ್ಯತ್ಯಾಸ ಇಲ್ಲಿಂದಲೇ ಶುರು. ಜೀಪಿನದು ಬೇಕಾದಾಗ ಲಿವರ್ ಎಳೆದು ಹಾಕುವ ವ್ಯವಸ್ಥೆ. ಮುಂದು ಹಿಂದು ಗಟ್ಟಿಯಾಗಿ ಕೂಡಿಕೊಳ್ಳುತ್ತವೆ, ಜೊತೆಗೆ ಲೋ ಗೇರ್ ಇರುತ್ತದೆ. ಅಮೆರಿಕದ ಸೈನ್ಯಕ್ಕೆ 1941ರಲ್ಲಿ ಬಂದ ವಿಲ್ಲೀಸ್ ಜೀಪಿನಲ್ಲೂ ಹಾಗೇ ಇತ್ತು, ಇವತ್ತಿನ ಥಾರ್ ಫೋರ್ ಬೈ ಫೋರ್, ಜಿಮ್ನಿಗಳಲ್ಲೂ ಹಾಗೇ ಇದೆ. ಕ್ವಾಟ್ರೊದಂಥವು ಯಾವಾಗಲೂ ನಾಲ್ಕಕ್ಕೂ ಎಳೆತ ಕೊಡುತ್ತವೆ. ಈಗ ನಗರದಲ್ಲಿ ಮಾರಾಟವಾಗುವ ಬಹುಪಾಲು ಆಲ್ ವೀಲ್ ಡ್ರೈವ್ ಕಾರುಗಳು ಮೂರನೇ ಜಾತಿ. ಮಾಮೂಲಿಯಾಗಿ ಮುಂದಿನ ಎರಡೇ ಚಕ್ರ ಎಳೆಯುತ್ತಿರುತ್ತವೆ. ಅವು ಜಾರಿದವು ಎಂದು ಕಂಪ್ಯೂಟರಿಗೆ ಗೊತ್ತಾದರೆ ಒಂದು ಕ್ಲಚ್ ಬಿಗಿದು ಹಿಂದಿನವಕ್ಕೂ ಸ್ವಲ್ಪ ಬಲ ಕಳಿಸುತ್ತದೆ. ಲೋ ಗೇರ್ ಸಾಮಾನ್ಯವಾಗಿ ಇರುವುದಿಲ್ಲ. ಮೂರೂ ಉಪಯೋಗದವೇ, ಆದರೆ ಕೆಲಸ ಬೇರೆ ಬೇರೆ. ಬ್ಯಾಡ್ಜ್ ನೋಡಿ ಮೂರನ್ನೂ ಒಂದೇ ತಕ್ಕಡಿಗೆ ಹಾಕುವುದು ಹಸು, ಎಮ್ಮೆ, ಎತ್ತು ಮೂರಕ್ಕೂ ನಾಲ್ಕೇ ಕಾಲು ಅಂದಹಾಗೆ.

ಮತ್ತೆ ಆಡಿ ಕಥೆಗೆ ಬರೋಣ. 1981ರಲ್ಲಿ ಕ್ವಾಟ್ರೊ ವಿಶ್ವ ರ್‍ಯಾಲಿಗೆ ಇಳಿಯಿತು. ಆ ವರ್ಷ ಹಿಮದ ಸ್ವೀಡನ್ ರ್‍ಯಾಲಿಯನ್ನು ಹನ್ನು ಮಿಕ್ಕೋಲ ಗೆದ್ದರು. ಅದೇ ವರ್ಷ ಇಟಲಿಯ ಸಾನ್ರೆಮೊದಲ್ಲಿ ಮಿಶೆಲ್ ಮುಟೋನ್ ಗೆದ್ದರು. ವಿಶ್ವ ರ್‍ಯಾಲಿಯ ಒಂದು ಸುತ್ತು ಗೆದ್ದ ಮೊದಲ ಹೆಂಗಸು ಅವರು. (‘ಹೆಣ್ಮಕ್ಕಳಿಗೆ ಗಾಡಿ ಬರಲ್ಲ’ ಎನ್ನುವವರು ಇದನ್ನು ಎರಡು ಸಲ ಓದಲಿ.) 1982ರಲ್ಲಿ ತಯಾರಕರ ಪ್ರಶಸ್ತಿಯೂ ಆಡಿಗೆ ಬಂತು. ಇನ್ನು ಎರಡು ಚಕ್ರದ ಕಾಲ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಆದರೆ 1983ರ ಮಾಂಟೆ ಕಾರ್ಲೊ ರ್‍ಯಾಲಿ ಬಂತು. ಇಟಲಿಯ ಲ್ಯಾನ್ಸಿಯಾ ಕಂಪನಿ 037 ಎಂಬ ಕಾರು ತಂದಿತ್ತು. ಹಗುರ, ಇಂಜಿನ್ ನಡುವೆ, ಎಳೆತ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಆ ವರ್ಷ ಹಿಮ ಕಡಿಮೆ, ರಸ್ತೆ ಬಹುಪಾಲು ಒಣಗಿತ್ತು. ವಾಲ್ಟರ್ ರೋರ್ಲ್ ಲ್ಯಾನ್ಸಿಯಾದಲ್ಲಿ ಮೊದಲು ಬಂದರು, ಅದೇ ತಂಡದ ಮಾರ್ಕು ಅಲೆನ್ ಎರಡನೆಯವರು, ಆಡಿಗಳು ಅವರ ಹಿಂದೆ. ವರ್ಷದ ಕೊನೆಗೆ ತಯಾರಕರ ಪ್ರಶಸ್ತಿಯನ್ನೂ ಲ್ಯಾನ್ಸಿಯಾ ಹೊಡೆಯಿತು. ಮಾರನೇ ವರ್ಷ ಇದೇ ರೋರ್ಲ್ ಆಡಿ ತಂಡಕ್ಕೆ ಹೋದರು. 1984ರ ಮಾಂಟೆ ಕಾರ್ಲೊದಲ್ಲಿ ಹಿಮವೋ ಹಿಮ. ರೋರ್ಲ್ ಮತ್ತೆ ಗೆದ್ದರು, ಈ ಸಲ ಆಡಿಯಲ್ಲಿ. ಮೊದಲ ಮೂರು ಸ್ಥಾನವೂ ಆಡಿಗೇ.

ಡ್ರೈವರ್ ಒಬ್ಬನೇ, ರ್‍ಯಾಲಿ ಒಂದೇ, ನಡುವೆ ಒಂದೇ ವರ್ಷ. ಒಣ ರಸ್ತೆಯಲ್ಲಿ ಎರಡು ಚಕ್ರ ಗೆದ್ದಿತು, ಹಿಮದಲ್ಲಿ ನಾಲ್ಕು ಚಕ್ರ ಗೆದ್ದಿತು. ಯಾವುದು ದೊಡ್ಡದು ಎಂಬ ಜಗಳ ಹಚ್ಚುವವರನ್ನು ನಾವು ಕೇಳುವುದು ಇದನ್ನೇ: ಯಾವ ರಸ್ತೆಗೆ, ಯಾವ ಋತುವಿಗೆ ಎಂದು ಹೇಳದೆ ಈ ಪ್ರಶ್ನೆಗೆ ಉತ್ತರ ಹೇಗೆ ಬರಬೇಕು? ಹಾಗೆಂದು 037 ಎರಡು ಚಕ್ರಕ್ಕೆ ಮರುಜೀವ ಕೊಟ್ಟಿತು ಎಂದೂ ಅಲ್ಲ. ಅದರ ನಂತರ ಎರಡು ಚಕ್ರ ಎಳೆತದ ಯಾವ ಕಾರೂ ಆ ಪ್ರಶಸ್ತಿ ಗೆದ್ದಿಲ್ಲ. ಲ್ಯಾನ್ಸಿಯಾ ಕೂಡ ಮುಂದೆ ನಾಲ್ಕು ಚಕ್ರಕ್ಕೇ ಬಂತು.

ಬಂದ ಮೇಲೆ ಆದದ್ದನ್ನೂ ಹೇಳಬೇಕು. ಗ್ರೂಪ್ ಬಿ ಎಂಬ ಆ ಕಾಲದ ನಿಯಮದಲ್ಲಿ ಶಕ್ತಿಗೆ ಲಗಾಮೇ ಇರಲಿಲ್ಲ. ನಾಲ್ಕು ಚಕ್ರದ ಹಿಡಿತ ಸಿಕ್ಕಿದ ಮೇಲೆ ಎಷ್ಟು ಬೇಕಾದರೂ ಬಲ ಸುರಿಯಬಹುದಲ್ಲ! ವರ್ಷದಿಂದ ವರ್ಷಕ್ಕೆ ಸುರಿದರು. 1986ರ ಮಾರ್ಚಿನಲ್ಲಿ ಪೋರ್ಚುಗಲ್ ರ್‍ಯಾಲಿಯಲ್ಲಿ ಒಂದು ಕಾರು ಜನರ ಮೇಲೆ ನುಗ್ಗಿ ಮೂವರು ಪ್ರೇಕ್ಷಕರು ಸತ್ತರು. ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಇದ್ದ ಲ್ಯಾನ್ಸಿಯಾ ಡೆಲ್ಟಾ ಎಸ್4 ಒಂದು ಎಡ ತಿರುವಿನಲ್ಲಿ ರಸ್ತೆ ಬಿಟ್ಟು ಕೆಳಗೆ ಬಿದ್ದು ಹೊತ್ತಿ ಉರಿಯಿತು. ಇಬ್ಬರೂ ಉಳಿಯಲಿಲ್ಲ. ಮುಂದಿನ ವರ್ಷದಿಂದ ಗ್ರೂಪ್ ಬಿ ಕಾರುಗಳನ್ನೇ ನಿಲ್ಲಿಸಿದರು. ಅವರು ಲೋಕದ ಅತಿ ನುರಿತ ಡ್ರೈವರುಗಳು. ಮೈತುಂಬ ಬೆಲ್ಟು, ತಲೆಗೆ ಹೆಲ್ಮೆಟ್ಟು, ಕಾರಿನೊಳಗೆ ಕಬ್ಬಿಣದ ಪಂಜರ. ನಮ್ಮ ಹುಡುಗರಿಗೆ ಸೀಟ್ ಬೆಲ್ಟ್ ಹಾಕಿಕೊಳ್ಳುವುದೆಂದರೆ ಪೊಲೀಸ್ ಕಂಡಾಗ ಮಾತ್ರ.

ಸುಬಾರು, ಇವೊ ಜಗಳಕ್ಕೂ ಎರಡು ಮಾತು ಸಲ್ಲಬೇಕು, ಇಲ್ಲದಿದ್ದರೆ ಬಿಸ್ಕತ್ತಿನ ಹುಡುಗ ನಮ್ಮನ್ನು ಬಿಡುವುದಿಲ್ಲ. ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್, ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಶನ್, ಎರಡೂ 1992ರಲ್ಲಿ ಜಪಾನಿನಲ್ಲಿ ಬಂದವು, ಎರಡೂ ಎರಡು ಲೀಟರಿನ ಟರ್ಬೊ, ಎರಡಕ್ಕೂ ನಾಲ್ಕು ಚಕ್ರದ ಎಳೆತ. ಸುಬಾರುವಿನ ಇಂಜಿನ್ ಅಡ್ಡ ಮಲಗಿರುವುದರಿಂದ ಭಾರ ನೆಲಕ್ಕೆ ಹತ್ತಿರ. ಮಿತ್ಸುಬಿಷಿಯ 4ಜಿ63 ಇಂಜಿನ್ ನೆಟ್ಟಗೆ ನಿಂತದ್ದು, ಗಟ್ಟಿಮುಟ್ಟು, ಟ್ಯೂನ್ ಮಾಡುವವರಿಗೆ ಅಚ್ಚುಮೆಚ್ಚು. ಕಾಲಿನ್ ಮೆಕ್ರೇ 1995ರಲ್ಲಿ ಸುಬಾರುವಿನಲ್ಲಿ ವಿಶ್ವ ಚಾಂಪಿಯನ್ ಆದರು. ಅಲ್ಲಿಂದ ಮುಂದಕ್ಕೆ 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ಟೊಮಿ ಮ್ಯಾಕಿನೆನ್ ಮಿತ್ಸುಬಿಷಿಯಲ್ಲಿ. ಆ ಕಾಲಕ್ಕೆ ಜಪಾನಿನ ಕಂಪನಿಗಳು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡು 280 ಅಶ್ವಶಕ್ತಿ ಮೀರಿದ ಕಾರು ಮಾರುತ್ತಿರಲಿಲ್ಲ. 2004ರವರೆಗೆ ಅದು ನಡೆಯಿತು. ಕಾಗದದ ಮೇಲೆ ಎರಡೂ ಸಮ, ಹಾಗಾಗಿ ಜಗಳ ಮುಗಿಯುವುದೇ ಇಲ್ಲ. ಹುಡುಗರಿಗೆ ಒಂದು ಗುಟ್ಟು: ಇಲ್ಲಿ ಕೆಲವು ವರ್ಷ ಶೆವ್ರೊಲೆ ಫಾರೆಸ್ಟರ್ ಎಂದು ಮಾರುತ್ತಿದ್ದ ಕಾರು ನಿಜಕ್ಕೂ ಸುಬಾರು. ಹಳೇ ಗಾಡಿ ಎಲ್ಲಾದರೂ ಕಂಡರೆ ಬಾನೆಟ್ ಎತ್ತಿಸಿ ನೋಡಿ, ಪಿಸ್ಟನ್ ಮಲಗಿರುತ್ತವೆ. ಇನ್ನು ರ್‍ಯಾಲಿಯೇ ಬೇಕು ಎನ್ನುವವರಿಗೆ, ಏಷ್ಯಾ ಪೆಸಿಫಿಕ್ ರ್‍ಯಾಲಿ ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲೇ ಓಡಿದೆ. 2016ರಲ್ಲಿ ಅದರ ಚಾಂಪಿಯನ್ ನಮ್ಮ ದೇಶದ ಗೌರವ್ ಗಿಲ್.

ಈಗ ನಾವು ಏಕೆ ನಗಲಿಲ್ಲ ಎಂಬ ವಿಷಯ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಗುಡ್ಡ ಕುಸಿದ ಒಂದು ಊರಿನ ವರದಿಗೆ ನಾವು ನಾಲ್ವರು ಹೊರಟಿದ್ದೆವು. ಸ್ನೇಹಿತರೊಬ್ಬರ ಆಲ್ ವೀಲ್ ಡ್ರೈವ್ ಕಾರು ಸಿಕ್ಕಿತ್ತು. ಮೇಲೆ ಹೇಳಿದ ಮೂರನೇ ಜಾತಿಯದು. ಕೆಂಪು ಮಣ್ಣಿನ ಏರು, ಮೇಲಿನಿಂದ ನೀರು ಹರಿದು ಬರುತ್ತಿತ್ತು. ಕಾರು ಮೇಕೆಯ ಹಾಗೆ ಹತ್ತಿತು. ಒಳಗೆ ಕೂತ ನಾವು ಚಪ್ಪಾಳೆ ಹೊಡೆದೆವು. ದಾರಿಯಲ್ಲಿ ಒಂದು ಮಾರುತಿ ಆಮ್ನಿ ಹತ್ತಲಾರದೆ ನಿಂತಿತ್ತು, ಅದನ್ನು ನೋಡಿ ನಕ್ಕಿದ್ದೂ ಉಂಟು. ಕೆಲಸ ಮುಗಿಸಿ ಅದೇ ದಾರಿಯಲ್ಲಿ ಇಳಿಯುವಾಗ ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲಿಲ್ಲ. ಸ್ಟೀರಿಂಗ್ ತಿರುಗಿಸಿದರೂ ಅದು ನೆಟ್ಟಗೇ ಹೋಯಿತು. ಪೆಡಲ್ ಕಾಲಡಿ ಗಡಗಡ ಅನ್ನುತ್ತಿತ್ತು, ಕಾರು ಮಾತ್ರ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಎಡಗಡೆ ಚರಂಡಿ, ಬಲಗಡೆ ಏಲಕ್ಕಿ ತೋಟದ ಕೊರಕಲು. ನಮ್ಮ ಪುಣ್ಯ, ಎಡಕ್ಕೆ ಹೋಯಿತು.

ಚರಂಡಿಯಿಂದ ಎಳೆದು ಹಾಕಿದ್ದು ಒಂದು ಹಳೇ ಜೀಪು. ಅದರ ಚಾಲಕರು ಹಗ್ಗ ಬಿಚ್ಚುವ ಮೊದಲು ನಮ್ಮ ಟೈರಿನ ಮೇಲೆ ಹೆಬ್ಬೆರಳು ಓಡಿಸಿದರು. ‘ಇದ್ರಲ್ಲಿ ಎಂಥದೂ ಇಲ್ವಲ್ಲ ಮಾರಾಯ್ರೆ’ ಅಂದರು. ಕಚ್ಚು ಪೂರ್ತಿ ಸವೆದಿತ್ತು. ಹತ್ತುವಾಗ ನಾಲ್ಕು ಬೋಳು ಟೈರು ಸೇರಿ ಹೇಗೋ ಎಳೆದವು. ಆ ಯಶಸ್ಸೇ ನಮಗೆ ಮೋಸ ಮಾಡಿತು. ಟೈರು ಬೋಳಾಗಿದೆ ಎಂದು ಹತ್ತುವಾಗಲೇ ಗೊತ್ತಾಗಬೇಕಿತ್ತು. ಎರಡು ಚಕ್ರದ ಕಾರಾಗಿದ್ದರೆ ಆ ಆಮ್ನಿಯ ಹಾಗೆ ಕೆಳಗೇ ನಿಲ್ಲುತ್ತಿತ್ತು, ನಾವು ನಡೆದು ಹೋಗುತ್ತಿದ್ದೆವು.

ಆ ಹೋಟೆಲಿನ ಹುಡುಗನಿಗೆ ನಾವು ಹೇಳಬೇಕೆಂದಿದ್ದು ಇದು. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಇರುತ್ತದೆ. ಎಂಟು ಲಕ್ಷದ ಕಾರಿಗೂ ಅಷ್ಟೇ, ಐವತ್ತು ಲಕ್ಷದ ಕಾರಿಗೂ ಅಷ್ಟೇ. ನಿಲ್ಲಿಸುವ ವಿಷಯದಲ್ಲಿ ಆಲ್ ವೀಲ್ ಡ್ರೈವ್‌ನಿಂದ ಒಂದು ಗೇಣೂ ಲಾಭವಿಲ್ಲ. ಹೆಚ್ಚು ಯಂತ್ರದ ಭಾರ ಇರುವುದರಿಂದ ನಿಲ್ಲಿಸಬೇಕಾದ ತೂಕ ತುಸು ಜಾಸ್ತಿಯೇ. ನೆಲವನ್ನು ಹಿಡಿಯುವುದು ನಾಲ್ಕು ಅಂಗೈ ಅಗಲದ ರಬ್ಬರು. ಅದು ಹಿಡಿಯುವಷ್ಟೇ ಬ್ರೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಎಳೆತ ಚೆನ್ನಾಗಿದೆ ಎಂದು ಮಳೆಯಲ್ಲಿ ನಲವತ್ತರ ಜಾಗದಲ್ಲಿ ಎಂಬತ್ತು ಹೋದವನಿಗೆ ಈ ಲೆಕ್ಕ ತಿರುವಿನಲ್ಲಿ ಅರ್ಥವಾಗುತ್ತದೆ.

ಜೀಪಿನ ಅಣ್ಣನ ಪಕ್ಷವನ್ನೂ ಪೂರ್ತಿ ಹೇಳಬೇಕು. ಅವರ ಗಾಡಿಗೆ ಇಳಿಜಾರಿನಲ್ಲಿ ಒಂದು ಉಪಕಾರ ಇದೆ. ಫೋರ್ ವೀಲ್ ಹಾಕಿ ಲೋ ಗೇರಿನ ಒಂದನೇ ಗೇರಿನಲ್ಲಿ ಇಳಿದರೆ ಇಂಜಿನ್ನೇ ನಾಲ್ಕೂ ಚಕ್ರಗಳನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಮುಟ್ಟುವುದೇ ಬೇಡ. ನಡಿಗೆಯ ವೇಗದಲ್ಲಿ ಗಾಡಿ ಇಳಿಯುತ್ತದೆ. ತೋಟದ ಕೂಲಿಯವರನ್ನು ಕೂರಿಸಿಕೊಂಡು ದಿನಾ ಏರಿ ಇಳಿಯುವವರ ಗುಟ್ಟು ಅದು. ಅವರ ಹಳೇ ಡೀಸೆಲ್ ಇಂಜಿನ್ ಅರವತ್ತು ಅಶ್ವಶಕ್ತಿಯ ಆಸುಪಾಸು. ಬೆಂಗಳೂರಿನ ಹುಡುಗನ ಕಾರಿನ ಅರ್ಧಕ್ಕಿಂತ ಕಡಿಮೆ.

ಅಶ್ವಶಕ್ತಿ ಎಂದರೇನು ಅಂತ ನಮ್ಮೂರಿನ ಲೆಕ್ಕದಲ್ಲಿ ನೋಡೋಣ. 75 ಕೆಜಿ ಭಾರವನ್ನು, ಅಂದರೆ ಒಂದು ಭತ್ತದ ಚೀಲವನ್ನು, ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಶಕ್ತಿ. 150 ಅಶ್ವಶಕ್ತಿ ಎಂದರೆ ಸೆಕೆಂಡಿಗೆ 150 ಚೀಲ. ಕೇಳಲು ಭರ್ಜರಿ. ಆದರೆ ಆ ಲೆಕ್ಕ ಬರುವುದು ಇಂಜಿನ್ ನಾಲ್ಕೈದು ಸಾವಿರ ಸುತ್ತು ಕೂಗುವಾಗ. ಸಣ್ಣ ಟರ್ಬೊ ಇಂಜಿನ್ನಿಗೆ ಕೆಳಗಿನ ಸುತ್ತಿನಲ್ಲಿ ಜೀವವೇ ಇರುವುದಿಲ್ಲ. ಹೊಗೆಯ ಒತ್ತಡ ಏರಿ ಟರ್ಬೊ ಎದ್ದೇಳುವವರೆಗೆ ಕಾಯಬೇಕು, ಎದ್ದ ಕೂಡಲೇ ಒಮ್ಮೆಲೇ ಬಲ ಬಂದು ಚಕ್ರ ಸುತ್ತಿಬಿಡುತ್ತದೆ. ಕೆಸರಿನ ಏರಿಗೆ ಬೇಕಾದದ್ದು ಮೆಲ್ಲಗೆ, ಹದವಾಗಿ ಬರುವ ಎಳೆತ. ಚಕ್ರ ಸುಮ್ಮನೆ ಸುತ್ತಿದರೆ 150 ಚೀಲದಲ್ಲಿ ಒಂದೂ ಮೇಲೇಳುವುದಿಲ್ಲ.

ಟ್ರ್ಯಾಕ್ಟರ್ ಓಡಿಸುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ಒಂದು ಚಕ್ರ ಹೂತು ಗಿರಗಿರ ಸುತ್ತುವಾಗ ಇನ್ನೊಂದು ಸುಮ್ಮನೆ ನಿಂತಿರುತ್ತದಲ್ಲ, ಡಿಫರೆನ್ಷಿಯಲ್ ಮಾಡುವ ಅನ್ಯಾಯ ಅದು. ಸುಲಭದ ಕಡೆಗೇ ಬಲ ಕಳಿಸುತ್ತದೆ. ಆಗ ಡಿಫ್ ಲಾಕ್ ಪೆಡಲ್ ಒತ್ತಿ ಎರಡನ್ನೂ ಒಂದಾಗಿಸುತ್ತೀರಿ, ಹೊರಬಂದ ಕೂಡಲೇ ಬಿಡುತ್ತೀರಿ. ಇಲ್ಲದಿದ್ದರೆ ಟ್ರ್ಯಾಕ್ಟರ್ ತಿರುಗುವುದಿಲ್ಲ. ಕಾರಿನ ಕಂಪನಿಗಳು ದೊಡ್ಡ ದೊಡ್ಡ ಹೆಸರಿಟ್ಟು ಮಾರುವ ಎಷ್ಟೋ ಸಂಗತಿಗಳ ತಿರುಳು ಇಷ್ಟೇ. ಕಟ್ಟೆಯ ಚರ್ಚೆಗೆ ಊರಿನ ಟ್ರ್ಯಾಕ್ಟರಿನವರನ್ನೂ ಕರೆಯಿರಿ, ವಿಡಿಯೊಗಿಂತ ಬೇಗ ಅರ್ಥವಾಗುತ್ತದೆ.

ಇನ್ನೊಂದು ಲೆಕ್ಕ ದುಡ್ಡಿನದು. ನಮಗೆ ಗೊತ್ತಿರುವ ಒಂದು ಮನೆಯವರು ಮೆಣಸಿಗೆ ಒಳ್ಳೆ ರೇಟು ಬಂದ ವರ್ಷ ಸಾಲ ಮಾಡಿ ದೊಡ್ಡ ಫೋರ್ ಬೈ ಫೋರ್ ತಂದರು. ಮಗನ ಹಟ. ಮೂರು ವರ್ಷದಲ್ಲಿ ಟೈರು ಸವೆಯಿತು. ಆ ವರ್ಷ ಬಳ್ಳಿಗೆ ಸೊರಗು ರೋಗ ಬಿದ್ದು ಕೈಯಲ್ಲಿ ಕಾಸಿಲ್ಲ. ಅಷ್ಟು ದೊಡ್ಡ ಟೈರಿನ ಬೆಲೆ ಕೇಳಿ, ಮುಂದಿನ ಫಸಲಿಗೆ ನೋಡೋಣ ಎಂದು ಬಿಟ್ಟರು. ಈಗಲೂ ಆ ಬೋಳು ಟೈರಿನಲ್ಲೇ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಇಂಥ ಗಾಡಿಗಳಲ್ಲಿ ಇನ್ನೊಂದು ತೊಡಕು ಇದೆ. ಎರಡು ಹೊಸ ಟೈರು, ಎರಡು ಹಳೇ ಟೈರು ಎಂದು ಹಾಕಿದರೆ ಸುತ್ತಳತೆಯಲ್ಲಿ ವ್ಯತ್ಯಾಸ ಬಂದು ನಡುವಿನ ಕ್ಲಚ್ಚಿಗೋ ಗೇರಿಗೋ ಹೊರೆ ಬೀಳುತ್ತದೆ. ಹಾಕಿದರೆ ನಾಲ್ಕೂ ಒಟ್ಟಿಗೆ ಹಾಕುವುದೇ ಒಳ್ಳೆಯದು. ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಮ್ಮನ್ನು ಕೇಳಿದರೆ, ವರ್ಷಕ್ಕೆ ಹತ್ತು ದಿನ ಕೆಸರು ದಾಟುವ ಮನೆಗೆ ಸಾಮಾನ್ಯ ಕಾರು, ಒಳ್ಳೆ ಟೈರು, ಕೈಯಲ್ಲಿ ಉಳಿದ ದುಡ್ಡು, ಇವೇ ಸಾಕು. ಆ ಹತ್ತು ದಿನಕ್ಕೆ ಬಾಡಿಗೆ ಜೀಪು ಇದೆ, ಅವರೂ ಬದುಕಬೇಕು. ದಿನಾ ಕೆಸರೇ ದಾಟಬೇಕಾದವರು ಫೋರ್ ಬೈ ಫೋರ್ ಖಂಡಿತ ತಗೊಳ್ಳಲಿ, ಲೋ ಗೇರ್ ಇರುವುದನ್ನೇ ತಗೊಳ್ಳಲಿ.

ನೀರಿನ ವಿಷಯಕ್ಕೆ ಬಂದರೆ ನಮಗೆ ಸಿಟ್ಟೇ ಬರುತ್ತದೆ. ಜಾಹೀರಾತಿನಲ್ಲಿ ಗಾಡಿ ಹೊಳೆಯನ್ನು ಸೀಳಿಕೊಂಡು ಹೋಗುತ್ತದೆ, ಎರಡೂ ಕಡೆ ನೀರು ರೆಕ್ಕೆಯ ಹಾಗೆ ಎದ್ದೇಳುತ್ತದೆ. ಅದನ್ನು ನೋಡಿದ ಹುಡುಗ ಮುಳುಗು ಸೇತುವೆಯ ಮೇಲೆ ನೀರು ಹರಿಯುವಾಗ, ನಂದು ಫೋರ್ ಬೈ ಫೋರ್ ಎಂದು ಇಳಿಯುತ್ತಾನೆ. ಹರಿಯುವ ನೀರು ಒಂದು ಅಡಿ ಇದ್ದರೆ ಸಾಮಾನ್ಯ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು. ಎರಡು ಅಡಿ, ಅಂದರೆ ಮೊಣಕಾಲಿಗಿಂತ ತುಸು ಮೇಲೆ, ಇದ್ದರೆ ದೊಡ್ಡ ಗಾಡಿಗಳೂ ಹೊರಟೇ ಹೋಗುತ್ತವೆ. ಟೈರು ನೆಲ ಬಿಟ್ಟ ಮೇಲೆ ಎರಡು ಚಕ್ರ ಎಳೆದರೇನು, ನಾಲ್ಕು ಎಳೆದರೇನು? ತೇಲದೆ ಉಳಿದರೂ ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಇಂಜಿನ್ ಅಲ್ಲೇ ಹೋಗುತ್ತದೆ. ನೀರನ್ನು ಗಾಳಿಯ ಹಾಗೆ ಅದುಮಲಾಗದು, ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತದೆ. ನಮ್ಮ ಕಡೆ ಪ್ರತಿ ಮಳೆಗಾಲದಲ್ಲೂ ಇಂಥ ಸುದ್ದಿಯನ್ನು ನಾವೇ ಬರೆಯುತ್ತೇವೆ. ಹೆಸರು, ವಯಸ್ಸು, ಊರು, ‘ಮೃತರಿಗೆ ತಂದೆ, ತಾಯಿ, ತಂಗಿ ಇದ್ದಾರೆ’. ಆ ಕೊನೆಯ ಸಾಲು ಬರೆಯುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳುವುದು.

ವಾರಾಂತ್ಯಕ್ಕೆ ಊರಿಂದೂರಿಗೆ ಸಾಲಾಗಿ ಬಂದು ನಮ್ಮ ಮಣ್ಣಿನ ದಾರಿಯಲ್ಲಿ ಚಕ್ರ ಸುತ್ತಿಸಿ, ಮೊಣಕಾಲುದ್ದ ಗುಂಡಿ ಮಾಡಿ, ವಿಡಿಯೊ ತೆಗೆದುಕೊಂಡು ಹೋಗುವ ಅಣ್ಣಂದಿರಿಗೂ ಒಂದು ಮಾತು. ನಿಮಗದು ಆಫ್ ರೋಡ್ ಇರಬಹುದು, ಸ್ವಾಮಿ. ನಮ್ಮ ಮಕ್ಕಳಿಗೆ ಅದೇ ರೋಡ್. ಸೋಮವಾರ ಶಾಲೆಗೆ ಆ ಗುಂಡಿ ದಾಟಿಕೊಂಡೇ ಹೋಗಬೇಕು. ಆಟ ಆಡಲು ತೋಟದವರ ಒಪ್ಪಿಗೆ ಪಡೆದ ಜಾಗಗಳಿವೆ, ಅಲ್ಲಿ ಆಡಿ. ಕಾಡಿನೊಳಗೆ ಮಾತ್ರ ಬೇಡವೇ ಬೇಡ.

ಆ ದಿನ ಹೋಟೆಲಿನಲ್ಲಿ ನಮ್ಮ ಚರಂಡಿಯ ಕಥೆ ಹೇಳಿದೆವು. ಬೆಂಗಳೂರಿನ ಹುಡುಗ ‘ಹೌದಾ ಅಣ್ಣ’ ಅಂದ, ಅಷ್ಟೇ. ಮಳೆ ಸ್ವಲ್ಪ ಬಿಟ್ಟಾಗ ಎಲ್ಲರೂ ಹೊರಗೆ ಬಂದೆವು. ಜೀಪಿನ ಅಣ್ಣ ಅವನ ಹೊಸ ಕಾರಿನ ಪಕ್ಕ ಕೂತು, ಟೈರಿನ ಕಚ್ಚುಗಳ ಸಂದಿಯಲ್ಲಿರುವ ಸಣ್ಣ ದಿಬ್ಬವನ್ನು ಬೆರಳಿನಿಂದ ತೋರಿಸಿದರು. ‘ರಬ್ಬರು ಸವೆದು ಇದರ ಸಮಕ್ಕೆ ಬಂದ್ರೆ ಟೈರು ಮುಗೀತು ಅಂತ. ಕಂಪನಿಯವರೇ ಹಾಕಿರ್ತಾರೆ.’ ಆ ದಿಬ್ಬದ ಎತ್ತರ 1.6 ಮಿಲಿಮೀಟರ್. ಮಳೆನಾಡಿಗೆ ಅದೂ ಕಡಿಮೆಯೇ, ಅದಕ್ಕೂ ಮೊದಲೇ ಬದಲಿಸಬೇಕು ಎಂಬುದು ಜೀಪಿನವರ ವಾದ. ಹುಡುಗನ ಟೈರು ಹೊಸದು, ಬೇಕಾದಷ್ಟು ಕಚ್ಚು ಇತ್ತು. ಅವನಿಗೆ ಸಮಾಧಾನವಾಯಿತು.

ಬಿಸ್ಕತ್ತಿನ ಹುಡುಗ ಆಗಲೇ ಜೀಪಿನ ಕಡೆ ಹೋಗಿ ಬಗ್ಗಿ ನೋಡುತ್ತಿದ್ದ. ‘ಅಣ್ಣಾ, ನಿಮ್ಮ ಹಿಂದಿನ ಎಡಗಡೆ ಟೈರು ದಿಬ್ಬದ ಸಮಕ್ಕೆ ಬಂದಿದೆಯಲ್ಲ!’

ಜೀಪಿನ ಅಣ್ಣ ತಲೆ ಕೆರೆದುಕೊಂಡರು. ‘ಹಬ್ಬ ಕಳೀಲಿ ಮಾರಾಯ, ಹಾಕಿಸ್ತೀನಿ’ ಅಂದರು.